ಕುಸ್ತಿ ಬೇಗ ಮುಗಿದರೆ ಮೋಸವೇ?

ಮಾನ್ಯ ಸಂಪಾದಕರೇ,

ಟಿ.ವಿ.ಯಲ್ಲಿ ಬರುವ ವೃತ್ತಿಪರ ಕುಸ್ತಿಯ ಪಂದ್ಯವೊಂದು ಕೆಲವೇ ನಿಮಿಷಗಳಲ್ಲಿ ಮುಗಿದುಹೋದಾಗ, ಬಸವನಗುಡಿಯ ನಮ್ಮ ಮನೆಯಲ್ಲಿ ಮಕ್ಕಳು ‘ಮೋಸ’ ಎಂದು ಕೂಗುವುದನ್ನು ಕೇಳಿ ಈ ಪತ್ರ ಬರೆಯುತ್ತಿದ್ದೇನೆ. ಫಲಿತಾಂಶವೇ ಮೊದಲು ನಿಶ್ಚಯವಾಗಿರುವ ಆಟದಲ್ಲಿ ಮೋಸವೆಂಬ ಮಾತಿಗೆ ಅರ್ಥವೇನೆಂಬುದು ಬೇರೆ ವಿಚಾರ.

ಗೆಲ್ಲುವವರು ಯಾರೆಂದು ತೀರ್ಮಾನವಾಗಿದ್ದರೂ ನೆಲಕ್ಕೆ ಬೀಳುವ ದೇಹ ಮಾತ್ರ ನಿಜವಾದದ್ದು. ಪೆಟ್ಟು ನಟನೆಯಲ್ಲವೆಂದು ತಿಳಿದ ಕೂಡಲೇ ರೆಫರಿ ತನ್ನೆರಡು ಕೈಗಳನ್ನು ತಲೆಯ ಮೇಲೆ ಕತ್ತರಿಯಂತೆ ಅಡ್ಡ ಹಿಡಿದು ವೈದ್ಯರನ್ನು ಕರೆಯುತ್ತಾನೆ. 2016ರ ಮೇ 1ರಂದು ನಡೆದ ‘ಪೇಬ್ಯಾಕ್’ ಎಂಬ ಕುಸ್ತಿ ಪ್ರದರ್ಶನದಲ್ಲಿ ಜಟ್ಟಿ ಎಂಜೊ ಅಮೋರೆಯ ತಲೆಗೆ ಪೆಟ್ಟು ಬಿದ್ದಾಗ ಪಂದ್ಯವನ್ನು ಫಲಿತಾಂಶವಿಲ್ಲದೆಯೇ ನಿಲ್ಲಿಸಲಾಯಿತು. ಹಿಂದೆ ಹೀಗಿರಲಿಲ್ಲ. 1997ರ ‘ಸಮ್ಮರ್‌ಸ್ಲ್ಯಾಮ್’ ಪ್ರದರ್ಶನದಲ್ಲಿ ಓವನ್ ಹಾರ್ಟ್ ಹಾಕಿದ, ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ನೆಲಕ್ಕೆ ಕುಕ್ಕುವ ಪೈಲ್‌ಡ್ರೈವರ್ ಪಟ್ಟಿನಿಂದ ಸ್ಟೀವ್ ಆಸ್ಟಿನ್ ಅವರ ಕತ್ತಿಗೆ ತೀವ್ರ ಪೆಟ್ಟಾಗಿ ಕೈಕಾಲುಗಳು ಸ್ವಾಧೀನ ತಪ್ಪಿದರೂ, ಹಾರ್ಟ್ ಪ್ರೇಕ್ಷಕರನ್ನು ಛೇಡಿಸುತ್ತ ಕಾಲ ತಳ್ಳಿದರು, ಆಸ್ಟಿನ್ ತೆವಳಿಕೊಂಡು ಬಂದು, ಬಲವೇ ಇಲ್ಲದ ಕೈಗಳಿಂದ ಅವರನ್ನು ಮಗುಚಿ, ನಿಗದಿಯಾಗಿದ್ದ ಗೆಲುವನ್ನು ಹೇಗೋ ಪೂರೈಸಿದರು. ಅದನ್ನು ವೀರತನವೆಂದು ಕೊಂಡಾಡುವವರಿದ್ದಾರೆ. ನನಗಂತೂ ಅಪಾಯಕಾರಿ ಹಟವಾಗಿಯೇ ಕಾಣುತ್ತದೆ.

ಎಲ್ಲ ಮೊಟಕಿಗೂ ಗಾಯವೇ ಕಾರಣವಲ್ಲ. ನೇರ ಪ್ರಸಾರದಲ್ಲಿ ಹಿಂದಿನ ಪಂದ್ಯವೋ ಭಾಷಣವೋ ಹೆಚ್ಚು ಸಮಯ ನುಂಗಿದರೆ, ರೆಫರಿಯ ಕಿವಿಯಲ್ಲಿರುವ ಸಾಧನಕ್ಕೆ ‘ಬೇಗ ಮುಗಿಸಿ’ ಎಂಬ ಸೂಚನೆ ಬರುತ್ತದೆ. ಆತ ಅದನ್ನು ಮೆಲ್ಲಗೆ ಜಟ್ಟಿಗಳಿಗೆ ತಿಳಿಸುತ್ತಾನೆ.

ನಮ್ಮ ಗರಡಿಮನೆಯ ಮಟ್ಟಿಯಲ್ಲಿ ಎದುರಾಳಿ ಅರೆನಿಮಿಷದಲ್ಲಿ ಚಿತ್ ಆದರೂ ಯಾರೂ ಮೋಸವೆನ್ನುವುದಿಲ್ಲ. ರೆಫರಿ ಕೈ ಅಡ್ಡ ಹಿಡಿದಾಗ ಕೂಗುವ ಮಕ್ಕಳಿಗೆ ಆ ಸನ್ನೆಯ ಅರ್ಥವನ್ನಾದರೂ ಹಿರಿಯರು ತಿಳಿಸಲಿ.

– ಓರ್ವ ಓದುಗ, ಬಸವನಗುಡಿ, ಬೆಂಗಳೂರು