ಒಂದು ಕಿವಿಗೆ ಹಾಡು, ಇನ್ನೊಂದಕ್ಕೆ ಡ್ರಮ್ಮು: ಗೆಳೆಯನಿಗೊಂದು ಪತ್ರ

ಬಳ್ಳಾರಿ

ಗೆಳೆಯಾ,

ಗಂಗಾವತಿ ಮನೆಯ ಅಟ್ಟದಿಂದ ಇಳಿಸಿದ ರೆಕಾರ್ಡುಗಳನ್ನು ಏನು ಮಾಡಲಿ ಅಂತ ಕೇಳಿದ್ದಿ. ಅದಕ್ಕೂ ಮುಂಚೆ ನಿನ್ನ ಮಗಳ ದೂರು ತೀರಿಸುತ್ತೇನೆ. ಮೊಬೈಲಿನಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದ್ದು ಹಾಕಿದರೆ ಕೆಲವು ಹಾಡುಗಳಲ್ಲಿ ದನಿ ಒಂದೇ ಕಿವಿಗೆ ಬರುತ್ತದೆ, ಡ್ರಮ್ಮು ಇನ್ನೊಂದಕ್ಕೆ ಅಂದಳಂತೆ. ಇಯರ್‌ಫೋನ್ ಕೆಟ್ಟಿಲ್ಲ, ಎಸೆಯಬೇಡಿ.

ಲಂಡನ್ನಿನ ಇಎಂಐ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ ಅವರ 1967ರ ಆಲ್ಬಮ್ ‘ಸಾರ್ಜೆಂಟ್ ಪೆಪ್ಪರ್ಸ್’ ತಯಾರಾಗಿದ್ದು ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕು ಸದ್ದುಗಳನ್ನು ಬೇರೆ ಬೇರೆ ಸಾಲಿನಲ್ಲಿ ಹಿಡಿಯುವ ಟೇಪಿನಲ್ಲಿ. ನಾಲ್ಕೂ ತುಂಬಿದರೆ ಅವನ್ನು ಬೆರೆಸಿ ಇನ್ನೊಂದು ಮಷಿನ್ನಿನ ಒಂದೋ ಎರಡೋ ಟ್ರ್ಯಾಕಿಗೆ ಇಳಿಸಬೇಕು. ಉಳಿದ ಜಾಗದಲ್ಲಿ ಮುಂದಿನ ವಾದ್ಯ. ಹೀಗೆ ಇಳಿಸಿದ ಪ್ರತಿ ಸಲವೂ ಟೇಪಿನ ‘ಸ್’ ಸದ್ದು ಕೂಡುತ್ತಾ ಹೋಗುತ್ತದೆ. ಜೊತೆಗೆ ಬೆರೆತದ್ದನ್ನು ಮತ್ತೆ ಬಿಡಿಸಲಾಗದು. ಡ್ರಮ್ಮು ಸಣ್ಣದಾಯಿತು ಅಂತ ಆಮೇಲೆ ಅನ್ನಿಸಿದರೆ ಮುಗಿಯಿತು. ಸ್ಟೀರಿಯೊ (ಎಡ ಬಲಕ್ಕೆ ಬೇರೆ ಬೇರೆ ಸದ್ದು) ಮಾಡುವಾಗ ಈ ಕೆಲವೇ ಟ್ರ್ಯಾಕುಗಳನ್ನು ಎಡಕ್ಕೊಂದು ಬಲಕ್ಕೊಂದು ಹಂಚಿದರು, ಅಷ್ಟೆ. ಆಗ ಬಹಳ ಜನ ಕೇಳುತ್ತಿದ್ದದ್ದು ಒಂದೇ ಸ್ಪೀಕರಿನಲ್ಲಿ. ಹಾಗಾಗಿ ತಂಡ ತಲೆ ಕೆಡಿಸಿಕೊಂಡಿದ್ದು ಮೊನೊಗೆ, ಅಂದರೆ ಎಲ್ಲ ಸದ್ದೂ ಒಂದಾಗಿ ಬರುವ ಮಿಶ್ರಣಕ್ಕೆ. ಸ್ಟೀರಿಯೊ ಬೇಗ ಬೇಗ ಮುಗಿದ ಕೆಲಸ. ಅದೇ ಆಲ್ಬಮ್ಮಿನ ‘ಶೀಸ್ ಲೀವಿಂಗ್ ಹೋಮ್’ ಮೊನೊದಲ್ಲಿ ಅರ್ಧ ಸ್ವರ ಮೇಲಿದೆ, ತುಸು ಚುರುಕಾಗಿಯೂ ಓಡುತ್ತದೆ. ಮಗಳಿಗೆ ಮೊನೊ ಆವೃತ್ತಿಯನ್ನೇ ಹುಡುಕಲು ಹೇಳು. ಸಿಗದಿದ್ದರೆ ಫೋನಿನ ಸೆಟ್ಟಿಂಗ್‌ನಲ್ಲಿ ‘ಮೊನೊ ಆಡಿಯೊ’ ಒತ್ತಲಿ. ಅದು ಅಸಲಿ ಮೊನೊ ಅಲ್ಲ, ಆದರೆ ತಲೆನೋವು ತಪ್ಪುತ್ತದೆ.

ಆ ಕಾಲದ ಸಂಗೀತ ಇವತ್ತಿಗೂ ಯಾಕೆ ಉಳಿದಿದೆ ಅಂದರೆ ನಾನು ರಾಗದ ಮಾತಿಗೆ ಹೋಗುವುದಿಲ್ಲ. ಸ್ಟುಡಿಯೋ ಅನ್ನುವುದೇ ಒಂದು ವಾದ್ಯವಾಯಿತು, ಅದು ಉಳಿಯಿತು. ದನಿ ದಪ್ಪವಾಗಲಿ ಅಂತ ಒಂದೇ ಸಾಲನ್ನು ಎರಡೆರಡು ಸಲ ಹಾಡುವುದು ಬೀಟಲ್ಸ್ ಗಾಯಕ ಲೆನನ್‌ಗೆ ಬೇಸರ. ಅದಕ್ಕೆ ಇಎಂಐ ಇಂಜಿನಿಯರ್ ಕೆನ್ ಟೌನ್ಸೆಂಡ್ 1966ರಲ್ಲಿ ದಾರಿ ಹುಡುಕಿದರು: ಅದೇ ದನಿಯನ್ನು ಇನ್ನೊಂದು ಟೇಪ್ ಮಷಿನ್ನಿಗೆ ಕಳಿಸಿ, ಅದರ ವೇಗವನ್ನು ಕೂದಲೆಳೆಯಷ್ಟು ಅಲುಗಾಡಿಸುತ್ತಾ ಮೂಲದ ಪಕ್ಕಕ್ಕೆ ತಂದು ಕೂಡಿಸುವುದು. ಜಾತ್ರೆಗೆ ಬರುವ ಆರ್ಕೆಸ್ಟ್ರಾದವರ ಮಿಕ್ಸರಿನಲ್ಲಿ ದನಿಯನ್ನು ಅಲೆಯಾಡಿಸುವ ‘ಫ್ಲ್ಯಾಂಜರ್’ ಅಂತ ಇರುತ್ತದಲ್ಲ, ಅದರ ಒಂದು ಬೇರು ಇಲ್ಲಿದೆ.

ನಮ್ಮ ಕಡೆಯ ಕತೆ ಬೇರೆ. ಕನ್ನಡದ ಹಾಡುಗಳಿಗೆ ಆಗ ಮದ್ರಾಸೇ ಗತಿ. ಗಾಯಕರು, ವಾದ್ಯದವರು ಒಟ್ಟಿಗೇ ನಿಲ್ಲಬೇಕು. ಒಬ್ಬರು ತಪ್ಪಿದರೂ ಮತ್ತೆ ಮೊದಲಿಂದ. ಯಾರು ಮೈಕಿಗೆ ಎಷ್ಟು ಹತ್ತಿರ ಅನ್ನುವುದೂ ಮಿಕ್ಸಿಂಗಿನ ಒಂದು ಭಾಗ. 1968ರ ‘ಜೇಡರ ಬಲೆ’ಗೆ ಜಿ.ಕೆ. ವೆಂಕಟೇಶ್ ಪಾಶ್ಚಾತ್ಯ ಧಾಟಿ ತಂದದ್ದು ಇಂಥ ಇಕ್ಕಟ್ಟಿನಲ್ಲೇ. ಕಸುಬಿನ ಲೆಕ್ಕಕ್ಕೆ ಬಂದರೆ ನನ್ನ ಓಟು ಈ ಮದ್ರಾಸಿನ ಸ್ಟುಡಿಯೋದವರಿಗೇ, ನೀನು ಜಗಳಕ್ಕೆ ಬಂದರೂ ಸರಿ.

ಈಗ ನಿನ್ನ ರೆಕಾರ್ಡುಗಳು. ಧೂಳಿದ್ದಂಗೇ ಪ್ಲೇಯರಿನ ಮುಳ್ಳು ಇಳಿಸಬೇಡ. ನಮ್ಮ ಕೆಂಧೂಳು ಮುಳ್ಳಿನಡಿ ಮರಳುಕಾಗದದಂತೆ ಗೀರನ್ನು, ಅಂದರೆ ಹಾಡು ಕೊರೆದ ಸಣ್ಣ ಕಾಲುವೆಯನ್ನು, ಸವೆಸುತ್ತದೆ. ಬೋರ್ ನೀರೂ ಬೇಡ; ಒಣಗಿದಾಗ ಸುಣ್ಣ ಗೀರಿನೊಳಗೇ ಕೂತು ಚಟಪಟ ಅನ್ನುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ ಲೀಟರ್, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಮೆತ್ತನೆ ಬಟ್ಟೆ ಅದ್ದಿ ಹಿಂಡಿ, ಗೀರು ಸುತ್ತಿದ ದಿಕ್ಕಿನಲ್ಲೇ ಒರೆಸು, ಅಡ್ಡ ಎಳೆಯಬೇಡ. ನಡುವಿನ ಕಾಗದ ನೆನೆಯಬಾರದು. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಿ ನೆರಳಲ್ಲಿ ನಿಲ್ಲಿಸು. ಬಿಸಿಲಿಗಿಟ್ಟರೆ ಹಪ್ಪಳದಂಗೆ ಸೊಟ್ಟಗಾಗುತ್ತವೆ. ಒಂದರ ಮೇಲೊಂದು ಪೇರಿಸದೆ, ಪುಸ್ತಕದಂಗೆ ನೆಟ್ಟಗೆ ನಿಲ್ಲಿಸಿಡು. ತಗಡಿನ ಛಾವಣಿಯ ಕೋಣೆ ಬೇಡವೇ ಬೇಡ.

ದಪ್ಪ, ಭಾರದ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಗಳಿದ್ದರೆ ಬೇರೆ ಇಡು. ಅವು ಅರಗಿನವು, ಸ್ಪಿರಿಟ್ ತಾಗಿದರೆ ಕರಗುತ್ತವೆ. ಅವುಗಳ ಗೀರು ಅಗಲ, ಸುಮಾರು 75 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಮುಳ್ಳು ಬೇಕು. ನಿಧಾನ ತಿರುಗುವ ದೊಡ್ಡ ರೆಕಾರ್ಡಿನ (ಎಲ್‌ಪಿ) 18 ಮೈಕ್ರಾನಿನದು ಗೀರಿನ ತಳಕ್ಕೆ ಇಳಿದು ಅಲ್ಲಿನ ಕಸವನ್ನೇ ಓದುತ್ತದೆ. ಮುಳ್ಳಿನ ಭಾರ ಕಂಪನಿ ಹೇಳಿದಷ್ಟೇ ಇರಲಿ. ಕಡಿಮೆ ಇಟ್ಟರೆ ಗೀರು ಉಳಿಯುತ್ತದೆ ಅಂತ ಕೆಲವರು ಅನ್ನುತ್ತಾರೆ, ನಂಬಬೇಡ: ಹಗುರಾದ ಮುಳ್ಳು ಜಿಗಿದು ಜಿಗಿದು ಗೀರಿನ ಗೋಡೆಗೇ ಬಡಿಯುತ್ತದೆ. ಗುಂಯ್ ಅನ್ನುವ ಸದ್ದು ಬಂದರೆ ಪ್ಲೇಯರಿನ ಅರ್ತ್ ವೈರನ್ನು ಆಂಪ್ಲಿಫೈಯರಿನ ತಿರುಪಿಗೆ ಕಟ್ಟಿದ್ದೀಯಾ ನೋಡು.

ಮೊದಲು 45ರವನ್ನು ತೊಳೆದು ಹಾಕು. ಯಾವ ಯಾವ ಹಾಡಿವೆ ಅಂತ ಪಟ್ಟಿ ಕಳಿಸು.

ನಿನ್ನ ಗೆಳೆಯ