ನಿಧಾನದ ಹಾಡನ್ನು ಓಡಿಸಬೇಡ

ಪ್ರೀತಿಯ ಅಕ್ಕ,

ನಿನ್ನ ಪತ್ರ ಓದಿ ಒಬ್ಬಳೇ ಜೋರಾಗಿ ನಕ್ಕೆ. ಪುಟ್ಟಿಗೆ ಯಾವ ಸಿನಿಮಾ ತೋರಿಸಬಹುದು ಅಂತ ಕೇಳಿದ್ದೀಯ. ಭಾವನಿಗೆ ರಾಜಕುಮಾರಿಯರ ಕಥೆ ಅಂದರೆ ಆಗುವುದಿಲ್ಲ, ನಿನಗೆ ಹೆದರಿಸುವ ಜಾಗ ಬಂದರೆ ಆಗುವುದಿಲ್ಲ. ಸರಿ, ನನಗೆ ತೋಚಿದ್ದನ್ನು ಬರೆಯುತ್ತೇನೆ. ಆದರೆ ಮಧ್ಯೆ ಸಣ್ಣದಾಗಿ ಒಂದು ಮಾತು ಹಾಕಿದ್ದೀಯಲ್ಲ, "ನಿಧಾನದ ಹಾಡು ಬಂದರೆ ಓಡಿಸಿಬಿಡುತ್ತೇನೆ" ಅಂತ. ಅದಕ್ಕೆ ಮೊದಲು ಜಗಳ ಆಡಬೇಕು.

ಈ ಕಾರ್ಟೂನ್ ಸಂಗೀತ ಸಿನಿಮಾಗಳಲ್ಲಿ ಸಾಮಾನ್ಯವಾಗಿ ಶುರುವಿನಲ್ಲೇ ನಾಯಕಿ ಒಂದು ಹಾಡು ಹೇಳುತ್ತಾಳೆ. ನನಗೆ ಏನು ಬೇಕು, ಇರುವುದು ಯಾಕೆ ಸಾಲದು ಅಂತ. ದೊಡ್ಡ ಕುಣಿತ ಇರುವುದಿಲ್ಲ, ನಗಿಸುವ ಪ್ರಾಣಿಗಳೂ ಸುಮ್ಮನಿರುತ್ತವೆ. ನಮಗೆ ಸಿನಿಮಾದಲ್ಲಿ ಹಾಡು ಹೊಸದಲ್ಲ, ಹಾಗಾಗಿ ಅದು ಬಂದರೆ ಕಥೆ ನಿಂತಿತು ಅಂದುಕೊಳ್ಳುತ್ತೇವೆ. ಇಲ್ಲಿ ಉಲ್ಟಾ. ಕಥೆ ಹೊರಡುವುದೇ ಆ ಹಾಡಿನಿಂದ.

1989ರ 'ದಿ ಲಿಟಲ್ ಮರ್ಮೇಡ್' ತೆಗೆದುಕೋ, ಸಮುದ್ರದೊಳಗಿನ ಮತ್ಸ್ಯಕನ್ಯೆಯ ಕಥೆ. ಒಬ್ಬ ಗಂಡಸಿಗೋಸ್ಕರ ಮನೆ, ದನಿ ಎಲ್ಲಾ ಬಿಟ್ಟು ಹೋಗುವ ಹುಡುಗಿ ಅಂತ ಭಾವ ಹೇಳುತ್ತಾರೆ, ಅಲ್ವಾ? ಅವಳು ನೆಲದ ಮೇಲಿನ ಬದುಕಿಗೆ ಆಸೆಪಟ್ಟು ಹಾಡುವ ಹೊತ್ತಿಗೆ ರಾಜಕುಮಾರನನ್ನು ಇನ್ನೂ ನೋಡಿಯೇ ಇರುವುದಿಲ್ಲ! ಗುಹೆ ತುಂಬಾ ಮನುಷ್ಯರ ಸಾಮಾನು ಗುಡ್ಡೆ ಹಾಕಿಕೊಂಡು, ಅವುಗಳ ಹೆಸರು ಕೂಡ ಸರಿಯಾಗಿ ಗೊತ್ತಿಲ್ಲದೆ, ಅಲ್ಲಿಗೆ ಹೋಗಬೇಕು ಅಂತ ಹಾಡುತ್ತಾಳೆ. ಅದಾದ ಮೇಲೆ ರಾಜಕುಮಾರನ ಹಡಗು ಬರುತ್ತದೆ. ಆ ಹಾಡು ಓಡಿಸಿದರೆ ಭಾವ ಹೇಳಿದ್ದೇ ನಿಜ ಆಗಿಬಿಡುತ್ತದೆ. ಹಾಡು ಕೇಳಿದರೆ ಅವಳಿಗೆ ಬೇಕಾಗಿದ್ದದ್ದು ಬೇರೆ ಅಂತ ಪುಟ್ಟಿಗೂ ಗೊತ್ತಾಗುತ್ತದೆ.

ಆ ಹಾಡನ್ನೇ ಕಿತ್ತುಹಾಕಬೇಕು ಅಂತ ಸ್ಟುಡಿಯೋದವರು ಹೊರಟಿದ್ದರು, ಗೊತ್ತಾ? ಸಿನಿಮಾ ಇನ್ನೂ ಅರೆಬರೆ ಇದ್ದಾಗ ಮಕ್ಕಳಿಗೆ ತೋರಿಸಿದರಂತೆ. ಹಾಡು ಬಂದಾಗ ಮಕ್ಕಳು ಚಡಪಡಿಸಿದರು. ದೊಡ್ಡವರು ಗಾಬರಿಯಾದರು. ಹಾಡು ಬರೆದ ಹವರ್ಡ್ ಆಶ್ಮನ್ ಒಪ್ಪಲಿಲ್ಲ, ನಿರ್ದೇಶಕರೂ ಅವರ ಜೊತೆ ನಿಂತರು, ಹಾಡು ಉಳಿಯಿತು. ಅದಕ್ಕೂ ಐವತ್ತು ವರ್ಷ ಹಿಂದೆ, 1939ರಲ್ಲಿ, 'ದಿ ವಿಝರ್ಡ್ ಆಫ್ ಆಝ್'ಗೂ ಹೀಗೇ ಆಗಿತ್ತು. ಕಾಮನಬಿಲ್ಲಿನ ಆಚೆಯ ಊರಿನ ಹಾಡು ಕಥೆಯನ್ನು ನಿಧಾನ ಮಾಡುತ್ತದೆ ಅಂತ ತೆಗೆದಿದ್ದರು, ಆಮೇಲೆ ವಾಪಸ್ ಸೇರಿಸಿದರು. ಆ ಹಾಡಿಗೇ ಆಸ್ಕರ್ ಬಂತು. ಮಕ್ಕಳಿಗೆ ಬೋರ್ ಆಗುತ್ತದೆ ಅನ್ನುವ ಭಯ ಮಕ್ಕಳಿಗಿಂತ ದೊಡ್ಡವರಿಗೇ ಜಾಸ್ತಿ.

ಆಶ್ಮನ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಅವರು ನಾಟಕರಂಗದಿಂದ ಬಂದವರು. ಮಾತಿನಲ್ಲಿ ಹೇಳಿ ಮುಗಿಯದಷ್ಟು ಮನಸ್ಸು ತುಂಬಿದಾಗಲೇ ಪಾತ್ರ ಹಾಡಬೇಕು, ಹಾಡು ಮುಗಿಯುವಾಗ ಕಥೆ ಒಂದು ಹೆಜ್ಜೆ ಮುಂದೆ ಹೋಗಿರಬೇಕು ಅನ್ನುವ ರಂಗದ ಪದ್ಧತಿಯನ್ನು ಕಾರ್ಟೂನಿಗೆ ತಂದರು. 'ಬ್ಯೂಟಿ ಅಂಡ್ ದಿ ಬೀಸ್ಟ್' ಹಾಡುಗಳನ್ನು ಕಾಯಿಲೆ ಬಿದ್ದಿದ್ದಾಗಲೇ ಬರೆದರು. 1991ರ ಮಾರ್ಚ್‌ನಲ್ಲಿ ಏಡ್ಸ್‌ನಿಂದ ತೀರಿಕೊಂಡರು, ಆಗ ವಯಸ್ಸು 40. ಸಿನಿಮಾ ಬಿಡುಗಡೆ ಆಗಿದ್ದು ಅದೇ ವರ್ಷ ನವೆಂಬರ್‌ನಲ್ಲಿ. ಆಸ್ಕರ್‌ನ ಅತ್ಯುತ್ತಮ ಚಿತ್ರದ ಪಟ್ಟಿಗೆ ಹೋದ ಮೊದಲ ಅನಿಮೇಷನ್ ಚಿತ್ರ ಅದು. ಮೃಗ ಮತ್ತು ಹುಡುಗಿ ಕುಣಿಯುವಾಗ ಅವರಿಬ್ಬರೂ ಬಾಯಿ ಬಿಡುವುದಿಲ್ಲ, ಪಕ್ಕದಲ್ಲಿ ಒಂದು ಟೀ ಪಾಟ್ ಹಾಡುತ್ತದೆ. ಪ್ರೀತಿ ಹೇಳಿಕೊಳ್ಳಲು ಬಾರದ ಇಬ್ಬರ ಪರವಾಗಿ ಬೇರೆಯವರು ಹಾಡುವುದು! ನನಗೆ ಇವತ್ತಿಗೂ ಆ ಜಾಗ ಬಂದರೆ ಗಂಟಲು ಕಟ್ಟುತ್ತದೆ.

ಈಗ ಹಳೆಯ ಕಾರ್ಟೂನುಗಳನ್ನೇ ನಿಜದವರಂತೆ ಕಾಣುವ ಹಾಗೆ ಮತ್ತೆ ತೆಗೆದ ಸಿನಿಮಾಗಳು. ದಯವಿಟ್ಟು ಬೇಡ. ಹಳೆಯ ಮತ್ಸ್ಯಕನ್ಯೆ 83 ನಿಮಿಷ, 2023ರದ್ದು 135 ನಿಮಿಷ. ಕಥೆ ಅದೇ. ಹೊಸ ಹಾಡು ಸೇರಿಸಿದರು, ಹೊಸ ಕಾರಣ ಸೇರಿಸಿದರು, ಯಾಕೆ ಹೀಗಾಯಿತು ಅಂತ ಪ್ರತಿಯೊಂದಕ್ಕೂ ಸಮಜಾಯಿಷಿ ಕೊಟ್ಟರು. ಹುಡುಗಿಯ ದನಿ ಮಾತ್ರ ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ. 2019ರ 'ದಿ ಲಯನ್ ಕಿಂಗ್' ಇನ್ನೂ ಕಷ್ಟ. ಸಿಂಹ ಎಷ್ಟು ನಿಜವಾಗಿದೆ ಅಂದರೆ ಅದರ ಮುಖದಲ್ಲಿ ದುಃಖವೇ ಕಾಣುವುದಿಲ್ಲ. ಬರೆದ ಸಿಂಹಕ್ಕೆ ಹುಬ್ಬು ಇತ್ತು, ಪಾಪ.

ರಾಜಕುಮಾರಿಯರ ವಿಷಯದಲ್ಲಿ ಭಾವನ ಮಾತು ಅರ್ಧ ಸರಿ. 1959ರ 'ಸ್ಲೀಪಿಂಗ್ ಬ್ಯೂಟಿ'ಯಲ್ಲಿ ರಾಜಕುಮಾರಿಗೆ ಮಾತೇ ತೀರಾ ಕಡಿಮೆ, ಕಥೆಯ ಕೊನೇ ಭಾಗದಲ್ಲಿ ನಿದ್ದೆ. ಆದರೆ ಆ ಸಿನಿಮಾ ನಡೆಸುವುದು ಮೂವರು ವಯಸ್ಸಾದ ಯಕ್ಷಿಣಿಯರು. ಬಟ್ಟೆಯ ಬಣ್ಣಕ್ಕೆ ಕಿತ್ತಾಡುತ್ತಾರೆ, ಸೆರೆಯಲ್ಲಿದ್ದ ರಾಜಕುಮಾರನನ್ನು ಬಿಡಿಸುತ್ತಾರೆ, ಕತ್ತಿ ಕೈಗೆ ಕೊಡುತ್ತಾರೆ. ಹಿಂದೆ ರಷ್ಯಾದ ಸಂಗೀತಗಾರ ಚೈಕೋವ್‌ಸ್ಕಿ ಬ್ಯಾಲೆ ನೃತ್ಯಕ್ಕೆ ಬರೆದ ಸಂಗೀತ, ಕಾಡಿನ ಚಿತ್ರಗಳಂತೂ ಒಂದೊಂದೂ ಗೋಡೆಗೆ ಹಾಕುವಂಥವು. ಅಮ್ಮನಿಗೆ ಇದು ಹಿಡಿಸುತ್ತದೆ.

2013ರ 'ಫ್ರೋಝನ್' ನೀನು ನೋಡಿಲ್ಲ ಅಂದರೆ ನನಗೆ ಬೇಜಾರು. ಅಕ್ಕ ತಂಗಿಯರ ಕಥೆ ಕಣೇ! ಮೊದಲು ಅಕ್ಕನೇ ಖಳನಾಯಕಿ ಆಗಿದ್ದಳಂತೆ. ಅವಳಿಗಾಗಿ ಬರೆದ ಹಾಡು ಕೇಳಿದ ಮೇಲೆ, ಇವಳು ಕೆಟ್ಟವಳಲ್ಲ, ಹೆದರಿದವಳು ಅಂತ ಅನ್ನಿಸಿ ಕಥೆಯನ್ನೇ ತಿರುಗಿಸಿ ಬರೆದರು. ಕೊನೆಯಲ್ಲಿ ಶಾಪ ಬಿಡಿಸುವ ನಿಜವಾದ ಪ್ರೀತಿ ಯಾವ ಹುಡುಗನದ್ದೂ ಅಲ್ಲ. ಆ ಹಿಮದ ಬೊಂಬೆಯ ಮಾತು ಸ್ವಲ್ಪ ಜಾಸ್ತಿ ಆಯಿತು, ಸಹಿಸಿಕೋ.

ಹೆದರಿಕೆಯ ಬಗ್ಗೆ ನೀನು ಕೇಳಿದ್ದು ಹೊಸ ಪ್ರಶ್ನೆ ಏನಲ್ಲ. 1937ರ 'ಸ್ನೋ ವೈಟ್' ಬ್ರಿಟನ್‌ಗೆ ಹೋದಾಗ, ಮಕ್ಕಳು ದೊಡ್ಡವರ ಜೊತೆ ಬಂದರೆ ಮಾತ್ರ ನೋಡಬಹುದು ಅಂತ ಅಲ್ಲಿನ ಸೆನ್ಸಾರ್‌ನವರು ಸರ್ಟಿಫಿಕೇಟ್ ಕೊಟ್ಟಿದ್ದರು. ನನ್ನ ಅಭಿಪ್ರಾಯದಲ್ಲಿ ಅದೇ ಸರಿಯಾದ ನಿಯಮ, ಯಾವ ಸಿನಿಮಾಕ್ಕಾದರೂ. ಪಕ್ಕದಲ್ಲಿ ಕೂತುಕೋ, ಸಾಕು. ರಾಕ್ಷಸಿಯನ್ನು ತೆಗೆದುಬಿಟ್ಟರೆ ಆಮೇಲೆ ಅವಳು ಸೋತಾಗ ಬರುವ ಖುಷಿಯೂ ಇಲ್ಲ. 'ಬ್ಯಾಂಬಿ'ಯನ್ನು ಮಾತ್ರ ಒಂದೆರಡು ವರ್ಷ ತಡ ಮಾಡು. ತಾಯಿ ಜಿಂಕೆ ಸಾಯುವುದನ್ನು ತೋರಿಸುವುದಿಲ್ಲ, ಗುಂಡಿನ ಸದ್ದು ಅಷ್ಟೇ ಕೇಳಿಸುತ್ತದೆ, ಆಮೇಲೆ ಮರಿ ಹಿಮದಲ್ಲಿ ಕರೆಯುತ್ತಾ ಹುಡುಕುತ್ತದೆ. ಪುಟ್ಟಿ ಕೇಳುವ ಪ್ರಶ್ನೆಗೆ ನಿನ್ನ ಹತ್ತಿರ ಉತ್ತರ ಇರಬೇಕು.

ಮೊದಲಿಗೆ ಏನು ಹಾಕಲಿ ಅಂದರೆ, ಹಾಡಿನ ಸಿನಿಮಾನೇ ಅಲ್ಲದ್ದನ್ನು ಹೇಳುತ್ತೇನೆ. ಜಪಾನಿನ ಮಿಯಾಝಾಕಿ 1988ರಲ್ಲಿ ಮಾಡಿದ 'ಮೈ ನೇಬರ್ ಟೊಟೊರೊ'. ಇದರಲ್ಲೂ ಅಕ್ಕ ತಂಗಿ. ಅಮ್ಮ ಆಸ್ಪತ್ರೆಯಲ್ಲಿ, ಅಪ್ಪನ ಜೊತೆ ಹೊಸ ಮನೆಗೆ ಬಂದಿದ್ದಾರೆ, ಪಕ್ಕದ ಕಾಡಿನಲ್ಲಿ ಒಂದು ದೊಡ್ಡ ಪ್ರಾಣಿ ನಿದ್ದೆ ಮಾಡುತ್ತಿರುತ್ತದೆ. ಖಳನಾಯಕ ಇಲ್ಲ. ಮಳೆಯಲ್ಲಿ ಬಸ್ಸಿಗೆ ಕಾಯುವುದನ್ನೇ ಎಷ್ಟೋ ಹೊತ್ತು ತೋರಿಸುತ್ತಾರೆ. ಏನೂ ನಡೆಯುವುದಿಲ್ಲ ಅಂತ ಭಾವ ಎದ್ದು ಹೋಗಬಹುದು, ಹೋಗಲಿ. ಪುಟ್ಟಿ ಏಳುವುದಿಲ್ಲ, ಬೇಕಾದರೆ ಪಂದ್ಯ ಕಟ್ಟು.

ಭಾವನಿಗೆ 2001ರ 'ಶ್ರೆಕ್' ಹಾಕಿಕೊಡು. ಅನಿಮೇಷನ್ ಚಿತ್ರಕ್ಕೆ ಅಂತಲೇ ಶುರುವಾದ ಆಸ್ಕರ್ ಮೊದಲು ಸಿಕ್ಕಿದ್ದು ಅದಕ್ಕೆ. ಕಿನ್ನರ ಕಥೆಗಳನ್ನೆಲ್ಲ ಗೇಲಿ ಮಾಡುತ್ತದೆ, ಆದರೆ ಒಳಗೊಳಗೆ ತಾನೂ ಅಪ್ಪಟ ಕಿನ್ನರ ಕಥೆಯೇ. ಅವರಿಗೆ ಅದನ್ನು ಹೇಳಬೇಡ. ಅದನ್ನು ನೋಡಿ ಆಮೇಲೆ ಬಂದ ಎಷ್ಟೋ ಸಿನಿಮಾಗಳು ಬರೀ ಗೇಲಿಯನ್ನು ಕಲಿತವು, ಅವು ಬೇಡ.

ಅಪ್ಪನೂ ಕೂರುವುದಾದರೆ 2017ರ 'ಪ್ಯಾಡಿಂಗ್ಟನ್ 2'. ಮಾಡದ ತಪ್ಪಿಗೆ ಜೈಲಿಗೆ ಹೋಗುವ ಒಂದು ಮರ್ಯಾದಸ್ಥ ಕರಡಿಯ ಕಥೆ. ಮುಂದಿನ ಭಾನುವಾರ ಫೋನ್ ಮಾಡುತ್ತೇನೆ, ಅಷ್ಟರಲ್ಲಿ ಒಂದನ್ನಾದರೂ ಪೂರ್ತಿ ನೋಡಿರಿ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ, ಪುಟ್ಟಿಗೆ ಮುತ್ತು.

ನಿನ್ನ ತಂಗಿ