ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಬೀಳುತ್ತದೆಯೇ?

ಮಾನ್ಯ ಸಂಪಾದಕರೇ,

ನಮ್ಮ ಚಿಕ್ಕಮ್ಮನಿಗೆ ಕಳೆದ ಮಳೆಗಾಲದಲ್ಲಿ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಕೀಮೋಗಿಂತ ಮೊದಲು ನೆಂಟರ ಸಲಹೆ ಶುರುವಾಯಿತು. 'ಕ್ಯಾನ್ಸರ್‌ಗೆ ಸಕ್ಕರೆಯೇ ಊಟ, ನಿಲ್ಲಿಸಿದರೆ ತಾನಾಗೇ ಸಾಯುತ್ತೆ' ಎಂಬ ವಾಟ್ಸ್ಆ್ಯಪ್ ಮೆಸೇಜ್ ತೀರ್ಥಹಳ್ಳಿಯಿಂದ ಸಾಗರದವರೆಗೆ ನಮ್ಮ ಬಳಗದ ಎಲ್ಲರ ಮೊಬೈಲಿನಲ್ಲೂ ಇತ್ತು. ಮೊದಲು ಬೆಲ್ಲ ಹೋಯಿತು, ಆಮೇಲೆ ಬಾಳೆಹಣ್ಣು, ಅನ್ನ, ಕೊನೆಗೆ ಹಾಲೂ. ಎರಡು ತಿಂಗಳಲ್ಲಿ ಅವರ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಮೂರನೇ ಕೀಮೋಗೆ ಹೋದಾಗ 'ಇಷ್ಟು ನಿಶ್ಶಕ್ತಿ ಇದ್ದರೆ ಕೊಡೋಕಾಗಲ್ಲ' ಎಂದು ಡಾಕ್ಟರು ವಾಪಸ್ ಕಳಿಸಿದರು.

ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು ಆಗಲೇ ಬಾಯಿ ಬಿಡಬೇಕಿತ್ತು. ಹಿರಿಯರೆದುರು ಯಾಕೆ ಅಂತ ಸುಮ್ನಿದ್ದೆ.

ಆ ಮೆಸೇಜ್ ಪೂರ್ತಿ ಸುಳ್ಳಲ್ಲ. ಗಡ್ಡೆಗಳು ಗ್ಲೂಕೋಸನ್ನು, ಅಂದರೆ ರಕ್ತದಲ್ಲಿರುವ ಸಕ್ಕರೆಯನ್ನು, ಜಾಸ್ತಿ ಬಳಸುತ್ತವೆ ಎಂದು ಜರ್ಮನಿಯ ವಿಜ್ಞಾನಿ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಗ್ಲೂಕೋಸಿನಂಥದೇ ಒಂದು ವಸ್ತುವನ್ನು ರಕ್ತಕ್ಕೆ ಕೊಟ್ಟು ಚಿತ್ರ ತೆಗೆಯುವ ಪೆಟ್ ಸ್ಕ್ಯಾನಿನಲ್ಲಿ ಗಡ್ಡೆ ಹೊಳೆಯುವುದೂ ಅದರಿಂದಲೇ. ಚಿಕ್ಕಮ್ಮನ ಸ್ಕ್ಯಾನ್ ಹಿಡಿದು 'ನೋಡಿ, ಸಕ್ಕರೆ ತಿಂತಾ ಇದೆ' ಎಂದವರೂ ಇದ್ದರು. ಗ್ಲೂಕೋಸ್ ಜಾಸ್ತಿ ಬಳಸುವ ಮೆದುಳೂ ಹಾಗೇ ಹೊಳೆಯುತ್ತದೆ, ಅಲ್ವಾ?

ಜೀವಕೋಶ ಬೆಳೆಯುವುದು ಹೇಗೆಂದು ನಮ್ಮ ಮನೆಯ ಉದಾಹರಣೆಯಲ್ಲೇ ಹೇಳುತ್ತೇನೆ. ಅಡಿಕೆ ಕೊಯ್ಲಿನ ದಿನ ನಮ್ಮಜ್ಜಿ ಮೊದಲು ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದರು. ಎಷ್ಟು ಎಸರಿಡಬೇಕೆಂದು ಹೇಳುತ್ತಿದ್ದುದು ಆಮೇಲೆ. ಜೀವಕೋಶದಲ್ಲಿ ಈ ಯಜಮಾನಿಕೆ ಎಂಟಾರ್ ಎಂಬ ಪ್ರೋಟೀನಿನದು. ಲ್ಯೂಸಿನ್, ಆರ್ಜಿನೈನ್‌ನಂಥ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆ) ಇದೆಯಾ, ಇನ್ಸುಲಿನ್ನಿನ ಸಂದೇಶ ಬಂತಾ ಎಂದು ನೋಡಿಕೊಂಡೇ ಅದು 'ಬೆಳೆ' ಅನ್ನುತ್ತದೆ. ಶಕ್ತಿ ಕಡಿಮೆಯಾದರೆ ಎಎಂಪಿಕೆ ಎಂಬ ಇನ್ನೊಂದು ಪ್ರೋಟೀನ್ 'ಸಾಕು ನಿಲ್ಲಿಸು' ಅನ್ನುತ್ತದೆ. ಎಷ್ಟೋ ಕ್ಯಾನ್ಸರ್‌ಗಳಲ್ಲಿ ಕೆಡುವುದು ಈ ಏರ್ಪಾಡೇ. ಇನ್ಸುಲಿನ್ ಸಂದೇಶವನ್ನು ಒಳಗೆ ಒಯ್ಯುವ ಪಿಐ3ಕೆ ಎಂಬ ಕಿಣ್ವದ ಜೀನ್ ಕೆಟ್ಟರೆ (ಸ್ತನ ಕ್ಯಾನ್ಸರಿನಲ್ಲಿ ಇದು ಅಪರೂಪವೇನಲ್ಲ) ಸಂದೇಶ ಬಾರದಿದ್ದರೂ 'ಬಂತು, ಬಂತು' ಎಂದು ಕೂಗುತ್ತಲೇ ಇರುತ್ತದೆ. ಡಬ್ಬಿ ನೋಡುವವರಿಲ್ಲ, ಎಸರು ಮಾತ್ರ ಕುದೀತಾ ಇದೆ.

ಇಂಥ ಗಡ್ಡೆಯನ್ನು ಉಪವಾಸ ಕೆಡವುವುದು ಸುಲಭವಲ್ಲ. 2009ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದರಲ್ಲಿ, ಮೇವು ಕಡಿಮೆ ಮಾಡಿದಾಗ ಕೆಲವು ಗಡ್ಡೆಗಳ ಬೆಳವಣಿಗೆ ಕುಗ್ಗಿತು, ಆದರೆ ಪಿಐ3ಕೆ ಸದಾ ಕೂಗುತ್ತಿದ್ದ ಗಡ್ಡೆಗಳು ಜಗ್ಗಲಿಲ್ಲ. ಮೇಲಾಗಿ, ಅನ್ನ ಬಿಟ್ಟ ಮಾತ್ರಕ್ಕೆ ರಕ್ತದ ಗ್ಲೂಕೋಸ್ ಸೊನ್ನೆಯಾಗುವುದಿಲ್ಲ. ಮಾಂಸಖಂಡ ಕರಗಿಸಿಯಾದರೂ ಲಿವರ್ ಅದನ್ನು ತಯಾರಿಸಿಕೊಳ್ಳುತ್ತದೆ. ಕರಗಿದ್ದು ಚಿಕ್ಕಮ್ಮನ ತೋಳು.

ಗಡ್ಡೆಯ ಹಸಿವಿಗೇ ಕೈಹಾಕುವ ಚಿಕಿತ್ಸೆಗಳು ಇಲ್ಲದಿಲ್ಲ. ಮಕ್ಕಳ ರಕ್ತ ಕ್ಯಾನ್ಸರಿಗೆ ಆಸ್ಪರಾಜಿನೇಸ್ ಕೊಡುತ್ತಾರೆ. ಅದು ರಕ್ತದಲ್ಲಿರುವ ಆಸ್ಪರಾಜಿನ್ ಎಂಬ ಅಮೈನೋ ಆಮ್ಲವನ್ನು ಒಡೆದುಹಾಕುತ್ತದೆ. ಆ ಕ್ಯಾನ್ಸರ್ ಕೋಶಗಳಿಗೆ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲು ಬರುವುದಿಲ್ಲ, ನಮ್ಮ ಉಳಿದ ಕೋಶಗಳಿಗೆ ಬರುತ್ತದೆ. ಎಂಟಾರನ್ನೇ ತಡೆಯುವ ಎವೆರೊಲಿಮಸ್ ಮಾತ್ರೆಯೂ ಇದೆ. ಇವೆಲ್ಲ ಡಾಕ್ಟರ ಕೈಯಲ್ಲಿ ಆಗುವ ಕೆಲಸ, ಅಡುಗೆಮನೆಯಲ್ಲಿ ಅಲ್ಲ. ಹಾಗಂತ ಸಕ್ಕರೆ ಸುರಿದುಕೊಂಡು ತಿನ್ನಿ ಎನ್ನುತ್ತಿಲ್ಲ. ಶುಗರ್ ಇರುವವರ ಲೆಕ್ಕವೂ ಬೇರೆ.

ತಮ್ಮಲ್ಲಿ ಒಂದು ಕೋರಿಕೆ. ಕ್ಯಾನ್ಸರ್ ಸುದ್ದಿಯ ಪಕ್ಕದಲ್ಲಿ ಆಹಾರ ತಜ್ಞರಿಂದ ಒಂದು ಸಣ್ಣ ಅಂಕಣ ಬರೆಸಿ. ಕೀಮೋ ವೇಳೆ ಬಾಯಿ ಹುಣ್ಣಾದಾಗ ಏನು ನುಂಗಬಹುದು, ವಾಂತಿ ಬಂದರೆ ಏನು ಮಾಡಬೇಕು, ಇಷ್ಟು ಸಾಕು. ನಮ್ಮ ಮನೆಯಲ್ಲಿ ಆಗ ಯಾರಿಗೂ ಗೊತ್ತಿರಲಿಲ್ಲ.

ಚಿಕ್ಕಮ್ಮ ಈಗ ಗಂಜಿಗೆ ತುಪ್ಪ ಹಾಕಿಸಿಕೊಂಡು ಕುಡಿಯುತ್ತಾರೆ, ದಿನಾ ಮೊಟ್ಟೆ ತಿನ್ನುತ್ತಾರೆ. ತಪ್ಪಿಹೋಗಿದ್ದ ಆ ಕೀಮೋ ಬರುವ ಸೋಮವಾರ.

– ಒಬ್ಬ ಉಪನ್ಯಾಸಕ, ತೀರ್ಥಹಳ್ಳಿ